ಗ್ರಾಮ ಸಮುದಾಯ ಭವನ

ಗ್ರಾಮ ಸಮುದಾಯ ಭವನ: ಹಳ್ಳಿಯ ಜನ ಸಭೆ, ಮದುವೆ, ಹಬ್ಬ, ತರಬೇತಿಗಳಿಗೆ ಒಂದೆಡೆ ಸೇರಲು ಹಾಗೂ ಪರಸ್ಥಳದಿಂದ ಬಂದವರನ್ನು ಕೂಡಿಸಿ, ಉಣಬಡಿಸಿ, ಉಳಿಸಿಕೊಳ್ಳಲು ಬಳಸುವ ಸಾರ್ವಜನಿಕ ಕಟ್ಟಡ. ಅರಳಿಕಟ್ಟೆ, ಚಾವಡಿ, ಛತ್ರ, ಭಜನೆ ಮನೆ ಎಂದು ಹಿಂದೆ ಊರಿನ ಬೇರೆ ಬೇರೆ ಜಾಗಗಳಲ್ಲಿ ಹಂಚಿಹೋಗಿದ್ದ ಕೆಲಸಗಳು ಸ್ವಾತಂತ್ರ್ಯಾನಂತರ ಈ ಒಂದೇ ಕಟ್ಟಡಕ್ಕೆ ಬಂದು ಸೇರಿದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಮತ್ತು ಅದರ ಆಸುಪಾಸಿನ ಹಳ್ಳಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು, ಹಳೆಯ ಮೈಸೂರು ಸೀಮೆಯಲ್ಲಿ ಈ ಭವನ ಬೆಳೆದ ಬಗೆ, ಅದರ ರಚನೆ, ಬಳಕೆ ಮತ್ತು ಅತಿಥಿಗಳನ್ನು ಬರಮಾಡಿಕೊಳ್ಳುವ ಪದ್ಧತಿಗಳನ್ನು ಇಲ್ಲಿ ವಿವರಿಸಿದೆ.

ಪರಿಭಾಷೆ

ಸಮುದಾಯ ಭವನ ಎಂಬ ಹೆಸರು ಎರಡು ಅರ್ಥದಲ್ಲಿ ಬಳಕೆಯಲ್ಲಿದೆ. ಸರ್ಕಾರಿ ಕಡತಗಳಲ್ಲಿ ಅದು ಸಾರ್ವಜನಿಕ ನಿಧಿಯಿಂದ ಕಟ್ಟಿ, ಗ್ರಾಮ ಪಂಚಾಯಿತಿಯ ಅಥವಾ ಇಲಾಖೆಯೊಂದರ ಸುಪರ್ದಿಗೆ ಕೊಟ್ಟ ಕಟ್ಟಡ. ಜನರ ಮಾತಿನಲ್ಲಿ ಒಂದು ಜಾತಿ ಸಂಘ ಅಥವಾ ದೇವಸ್ಥಾನ ಸಮಿತಿ ಕಟ್ಟಿಸಿದ ಸಭಾಂಗಣಕ್ಕೂ ಇದೇ ಹೆಸರು. ಈ ಲೇಖನದಲ್ಲಿ ಮೊದಲನೆಯದನ್ನು ‘ಸಾರ್ವಜನಿಕ ಭವನ’ ಎಂದೂ ಎರಡನೆಯದನ್ನು ‘ಸಂಘದ ಭವನ’ ಎಂದೂ ಕರೆಯಲಾಗಿದೆ. ಬಾಡಿಗೆಯ ಆದಾಯಕ್ಕಾಗಿ ಖಾಸಗಿಯವರು ನಡೆಸುವುದು ಕಲ್ಯಾಣ ಮಂಟಪ. ದಾರಿಹೋಕರ ಮತ್ತು ಯಾತ್ರಿಕರ ತಂಗುದಾಣ ಛತ್ರ. ಪ್ರವಾಸದಲ್ಲಿರುವ ಅಧಿಕಾರಿಗಳಿಗಾಗಿ ಸರ್ಕಾರ ಇರಿಸಿದ್ದು ಪ್ರವಾಸಿ ಮಂದಿರ. ಭವನಕ್ಕೆ ಬರುವ ಹೊರಗಿನವರಲ್ಲಿಯೂ ಜನ ಭೇದ ಗುರುತಿಸುತ್ತಾರೆ: ರಕ್ತಸಂಬಂಧದವರು ಮತ್ತು ಬಳಗದವರು ನೆಂಟರು, ಮದುವೆಯಿಂದ ಸಂಬಂಧ ಬೆಳೆಸಿದ ಮನೆಯವರು ಬೀಗರು, ಕೆಲಸದ ಮೇಲೆ ಅಥವಾ ದಾರಿಯಲ್ಲಿ ಹೋಗುತ್ತ ಬಂದವರು ಪರವೂರಿನವರು.

ಹಿನ್ನೆಲೆ ಮತ್ತು ಬೆಳವಣಿಗೆ

ಹಳ್ಳಿಯ ಅತ್ಯಂತ ಹಳೆಯ ಸಾರ್ವಜನಿಕ ಕೂಟದ ಜಾಗ ಅರಳಿಕಟ್ಟೆ. ಅರಳಿ ಮತ್ತು ಬೇವಿನ ಗಿಡಗಳನ್ನು ಜೊತೆಯಾಗಿ ನೆಟ್ಟು, ಮದುವೆ ಮಾಡಿಸಿ, ಸುತ್ತ ಕಲ್ಲುಚಪ್ಪಡಿಯ ಕಟ್ಟೆ ಕಟ್ಟಿ, ಬುಡದಲ್ಲಿ ನಾಗರಕಲ್ಲುಗಳನ್ನು ನಿಲ್ಲಿಸುವುದು ವಾಡಿಕೆ. ಊರಿನ ನ್ಯಾಯ ಪಂಚಾಯಿತಿ ನಡೆಯುತ್ತಿದ್ದುದು ಇಲ್ಲಿ. ಹೊಸದಾಗಿ ಊರಿಗೆ ಬಂದವರು ಮೊದಲು ಕೂತು ವಿಚಾರಿಸಿಕೊಳ್ಳುತ್ತಿದ್ದುದೂ ಇಲ್ಲಿಯೇ.

ಆಡಳಿತದ ಜಾಗ ಚಾವಡಿ. ಪಟೇಲ ಮತ್ತು ಶಾನುಭೋಗರು ಕಂದಾಯ ವಸೂಲಿ, ಲೆಕ್ಕಪತ್ರಗಳನ್ನು ಅಲ್ಲಿ ನಡೆಸುತ್ತಿದ್ದರು. ಊರಿಗೆ ಬಂದ ಅಮಲ್ದಾರ ಮೊದಲಾದ ಅಧಿಕಾರಿಗಳ ಅಗತ್ಯ ನೋಡಿಕೊಳ್ಳುವ ಹೊಣೆ ತೋಟಿ, ತಳವಾರರ ಮೇಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಅಲ್ಲಿಗೆ ಚಾವಡಿಯ ಪ್ರಾಮುಖ್ಯವೂ ಇಳಿಯಿತು.

ದಾರಿಹೋಕರಿಗೆ ಅನ್ನ, ನೀರು, ನೆರಳು ಒದಗಿಸುವುದು ಧರ್ಮಕಾರ್ಯವೆಂಬ ನಂಬಿಕೆಯಿಂದ ಛತ್ರ, ಅರವಟ್ಟಿಗೆ, ಸಾಲುಮರ, ಹೊರೆಗಲ್ಲುಗಳು ಹುಟ್ಟಿದವು. ಸತ್ರ ಮತ್ತು ಅರವಟ್ಟಿಗೆಗಳಿಗೆ ಭೂಮಿ ಬಿಟ್ಟ ದಾಖಲೆಗಳು ಕನ್ನಡ ಶಾಸನಗಳಲ್ಲಿ ಸಿಗುತ್ತವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಮತ್ತು ನೆಲಮಂಗಲ ತಾಲ್ಲೂಕಿನ ಶಿವಗಂಗೆ ಈ ಜಿಲ್ಲೆಯ ಪ್ರಸಿದ್ಧ ಛತ್ರಗಳ ನೆಲೆಗಳು. ಹಳ್ಳಿಯಿಂದ ನಗರಕ್ಕೆ ಹೋದವರಿಗೆಂದು ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ 1903ರಲ್ಲಿ ಸ್ಥಾಪಿಸಿದ ಧರ್ಮಛತ್ರ ಇದೇ ಪರಂಪರೆಯ ನಗರ ರೂಪ.

ನಾಲ್ಕನೆಯದು ಭಜನೆ ಮನೆ. ಹಳೆಯ ಮೈಸೂರಿನ ಅನೇಕ ಊರುಗಳಲ್ಲಿ ಅದಕ್ಕೆ ರಾಮಮಂದಿರವೆಂಬ ಹೆಸರೂ ಉಂಟು. ಶ್ರಾವಣ ಶನಿವಾರದ ಭಜನೆ, ರಾಮನವಮಿಯ ಪಾನಕ-ಕೋಸಂಬರಿ, ಹರಿಕಥೆ, ನಾಟಕದ ತಾಲೀಮು ಅಲ್ಲಿ ನಡೆಯುತ್ತಿದ್ದವು.

ಈ ನಾಲ್ಕೂ ಕೆಲಸಗಳಿಗೆ ಸರ್ಕಾರದ ನೆರವಿನ ಒಂದೇ ಕಟ್ಟಡ ಎಂಬ ಕಲ್ಪನೆ ಬಲಗೊಂಡದ್ದು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯಿಂದ. ಶಾಲೆ, ಬಾವಿ, ರಸ್ತೆಗಳ ಜೊತೆಗೆ ಸಮುದಾಯ ಕೇಂದ್ರವೂ ಗ್ರಾಮಾಭಿವೃದ್ಧಿಯ ಭಾಗವಾಯಿತು. ಪಂಚಾಯಿತಿಯ ರೇಡಿಯೊ, ಆಮೇಲೆ ಟಿ.ವಿ., ದಿನಪತ್ರಿಕೆಗಳು ಜನರನ್ನು ಸಂಜೆಯ ಹೊತ್ತು ಅಲ್ಲಿಗೆ ಸೆಳೆದವು. 1983ರ ಕಾಯ್ದೆಯ ಮಂಡಲ ಪಂಚಾಯಿತಿಗಳು ಹಾಗೂ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮ ಪಂಚಾಯಿತಿಗಳು ಬಂದ ಮೇಲೆ ಸಭೆಗಳಿಗೆ ಸ್ಥಿರವಾದ ಜಾಗ ಬೇಕಾಯಿತು. 1993ರ ಡಿಸೆಂಬರ್‌ನಲ್ಲಿ ಶುರುವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಮತ್ತು ತರುವಾಯ ಬಂದ ಶಾಸಕರ ನಿಧಿಗಳಿಂದ ಸಮುದಾಯ ಭವನಗಳ ಸಂಖ್ಯೆ ಬೇಗ ಹೆಚ್ಚಿತು.

ರಚನೆ

ಹಳೆಯ ಚಾವಡಿ ಮತ್ತು ಭಜನೆ ಮನೆಗಳು ಕಲ್ಲು, ಮಣ್ಣು, ಮರದ ಕಟ್ಟಡಗಳು. ಬೆಣಚುಕಲ್ಲು ಹೇರಳವಾಗಿರುವ ಈ ಸೀಮೆಯಲ್ಲಿ ಕಂಬ, ತೊಲೆ, ಜಗಲಿಗಳಿಗೆ ಕಲ್ಲನ್ನೇ ಬಳಸುತ್ತಿದ್ದರು. ಮಾಡಿಗೆ ಕಲ್ಲುಚಪ್ಪಡಿ, ಜಂತೆಯ ಮೇಲೆ ನಾಡಹೆಂಚು ಅಥವಾ ಮಂಗಳೂರು ಹೆಂಚು ಹೊದಿಸುತ್ತಿದ್ದರು. ಮುಂಭಾಗಕ್ಕೆ ಗೋಡೆ ಇರದೆ ಬೀದಿಗೆ ತೆರೆದ ಜಗಲಿ ಇರುತ್ತಿದ್ದರಿಂದ ಯಾರು ಬೇಕಾದರೂ ಹತ್ತಿ ಕೂರಬಹುದಾಗಿತ್ತು.

ಈಗಿನ ಭವನ ಸಾಮಾನ್ಯವಾಗಿ ಸಿಮೆಂಟ್ ಇಟ್ಟಿಗೆಯ ಗೋಡೆ, ಆರ್‌ಸಿಸಿ ಚಾವಣಿ ಅಥವಾ ಕಬ್ಬಿಣದ ಕಮಾನಿನ ಮೇಲೆ ತಗಡಿನ ಶೀಟು ಇರುವ ಉದ್ದನೆಯ ಹಾಲ್. ಅದರ ಭಾಗಗಳು:

ಹಾಲ್ ಮತ್ತು ವೇದಿಕೆ: ಒಂದು ತುದಿಯಲ್ಲಿ ಎರಡು ಮೂರು ಅಡಿ ಎತ್ತರದ ವೇದಿಕೆ. ಮದುವೆಯಲ್ಲಿ ಅದೇ ಹಸೆಮಣೆಯ ಜಾಗ, ಸಭೆಯಲ್ಲಿ ಅಧ್ಯಕ್ಷರ ಸ್ಥಾನ, ನಾಟಕದಲ್ಲಿ ರಂಗ.

ಊಟದ ಹಾಲ್: ದೊಡ್ಡ ಭವನಗಳಲ್ಲಿ ಪ್ರತ್ಯೇಕವಾಗಿ ಅಥವಾ ನೆಲಮಾಳಿಗೆಯಲ್ಲಿ ಇರುತ್ತದೆ. ಇಲ್ಲದ ಕಡೆ ಹೊರಗೆ ಶಾಮಿಯಾನ ಹಾಕಿ ಪಂಕ್ತಿ ಕೂಡಿಸುತ್ತಾರೆ.

ಅಡುಗೆ ಮನೆ: ಹೊಗೆಯ ಕಾರಣಕ್ಕೆ ಹಿಂಬದಿಯಲ್ಲಿ ಕಟ್ಟಿರುತ್ತಾರೆ. ಮುದ್ದೆ ತೊಳಸುವ ದೊಡ್ಡ ಪಾತ್ರೆಗಳಿಗೆ ತಕ್ಕಂತೆ ನೆಲಮಟ್ಟದ ಒಲೆಗಳಿರುತ್ತವೆ. ಕೊಪ್ಪರಿಗೆ, ಹಂಡೆ, ಬಕೆಟ್, ಸೌಟುಗಳನ್ನು ಊರವರ ದೇಣಿಗೆಯಿಂದ ಕೊಂಡು ಭವನದಲ್ಲೇ ಇಡುವುದುಂಟು. ಅಂಥ ಪಾತ್ರೆಗಳ ಮೇಲೆ ದಾನಿಯ ಹೆಸರನ್ನು ಕೊರೆಸಿರುತ್ತಾರೆ.

ಕೋಣೆಗಳು: ವೇದಿಕೆಯ ಪಕ್ಕ ಎರಡು ಕೋಣೆ. ಮದುವೆಯಲ್ಲಿ ಒಂದು ಹೆಣ್ಣಿನ ಕಡೆಯವರಿಗೆ, ಇನ್ನೊಂದು ಗಂಡಿನ ಕಡೆಯವರಿಗೆ. ಪರಸ್ಥಳದವರು ತಂಗುವುದು ಇವುಗಳಲ್ಲಿ.

ನೀರು ಮತ್ತು ಶೌಚಾಲಯ: ಕೊಳವೆಬಾವಿ ಅಥವಾ ಪಂಚಾಯಿತಿ ನಲ್ಲಿಯಿಂದ ತುಂಬುವ ತೊಟ್ಟಿ. ಭವನದಲ್ಲಿ ರಾತ್ರಿ ತಂಗಬಹುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದೇ ಸೌಕರ್ಯ.

ಬಗೆಗಳು

1. ಗ್ರಾಮ ಪಂಚಾಯಿತಿ ಭವನ: ಪಂಚಾಯಿತಿಯ ಆಸ್ತಿ. ಎಲ್ಲ ನಿವಾಸಿಗಳಿಗೂ ಸೇರಿದ್ದು.

2. ಇಲಾಖಾ ಭವನ: ಸಮಾಜ ಕಲ್ಯಾಣ ಇಲಾಖೆಯ ಡಾ. ಬಿ.ಆರ್. ಅಂಬೇಡ್ಕರ್ ಭವನ ಮತ್ತು ಡಾ. ಬಾಬು ಜಗಜೀವನರಾಂ ಭವನ, ಪರಿಶಿಷ್ಟ ಪಂಗಡದವರಿಗಾಗಿ ವಾಲ್ಮೀಕಿ ಭವನ, ಹಿಂದುಳಿದ ವರ್ಗಗಳ ಇಲಾಖೆಯ ದೇವರಾಜ ಅರಸು ಭವನ, ಅಲ್ಪಸಂಖ್ಯಾತರ ಇಲಾಖೆಯ ನೆರವಿನ ಶಾದಿ ಮಹಲ್ ಈ ಗುಂಪಿನವು.

3. ಸಂಘದ ಭವನ: ಜಾತಿ ಸಂಘ ಅಥವಾ ಮಠಗಳಿಗೆ ಸೇರಿದ್ದು. ಅನೇಕ ವೇಳೆ ಸರ್ಕಾರದ ಅನುದಾನವನ್ನೂ ಪಡೆದಿರುತ್ತದೆ.

4. ದೇವಸ್ಥಾನದ ಭವನ: ಗುಡಿಯ ಆವರಣದಲ್ಲಿರುವುದು. ಮುಜರಾಯಿ ದೇವಾಲಯಗಳದ್ದಾದರೆ 1997ರ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಗೆ ಒಳಪಡುತ್ತದೆ. ಇಲ್ಲಿ ಮಾಂಸದ ಅಡುಗೆಗೆ ಅವಕಾಶ ಇರುವುದಿಲ್ಲವಾದ್ದರಿಂದ ಬೀಗರೂಟ, ಹರಕೆಯ ಬಾಡೂಟಗಳನ್ನು ತೋಟದಲ್ಲೋ ಬೇರೆ ಜಾಗದಲ್ಲೋ ಮಾಡುತ್ತಾರೆ.

5. ಸಹಕಾರ ಸಂಘದ ಭವನ: ಹಾಲು ಉತ್ಪಾದಕರ ಸಂಘ ಅಥವಾ ಕೃಷಿ ಪತ್ತಿನ ಸಂಘದ ಕಟ್ಟಡದ ಮೇಲಂತಸ್ತಿನ ಸಭಾಂಗಣ. ಬೆಳಗ್ಗೆ ಮತ್ತು ಸಂಜೆ ಹಾಲು ಹಾಕಲು ಬರುವವರಿಂದ ಡೇರಿಯ ಮುಂಭಾಗ ತಾನಾಗಿಯೇ ಊರಿನ ಕೂಟದ ಜಾಗವಾಗಿರುತ್ತದೆ.

ನಿರ್ಮಾಣ ನಿಧಿ ಮತ್ತು ನಿರ್ವಹಣೆ

ಭವನ ಕಟ್ಟಲು ಬೇಕಾದ ನಿವೇಶನ ಸಾಮಾನ್ಯವಾಗಿ ಗ್ರಾಮಠಾಣಾ ಅಥವಾ ಸರ್ಕಾರಿ ಜಾಗ. ಕೆಲವೆಡೆ ಊರಿನವರ ದಾನ. ಸಂಸದರ ನಿಧಿಯ ವಾರ್ಷಿಕ ಮಿತಿ 2011-12ರಿಂದ 5 ಕೋಟಿ ರೂಪಾಯಿ. ಆ ಹಣದಲ್ಲಿ ಸಮುದಾಯ ಭವನ ಕಟ್ಟಬಹುದು, ಪೂಜಾಸ್ಥಳ ಕಟ್ಟುವಂತಿಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲ, ಇಲಾಖೆಗಳ ಅನುದಾನ, ಊರವರ ವಂತಿಗೆ ಉಳಿದ ಮೂಲಗಳು. ಹಣ ಕಂತಿನಲ್ಲಿ ಬರುವುದರಿಂದ ತಳಪಾಯ, ಚಾವಣಿ, ಗಿಲಾವು, ಅಡುಗೆ ಮನೆ ಬೇರೆ ಬೇರೆ ವರ್ಷಗಳಲ್ಲಿ ಮುಗಿಯುವುದು ಸಾಮಾನ್ಯ.

ದಿನನಿತ್ಯದ ನಿರ್ವಹಣೆ ಪಂಚಾಯಿತಿ ಅಥವಾ ಅದು ಗೊತ್ತುಮಾಡಿದ ಸಮಿತಿಯದು. ಭವನ ಬೇಕಾದವರು ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳುತ್ತಾರೆ. ವಿದ್ಯುತ್ತು, ನೀರು, ಸ್ವಚ್ಛತೆಗೆ ಪ್ರತ್ಯೇಕ ಹಣ ಕಟ್ಟುತ್ತಾರೆ. ಪಾತ್ರೆಗಳನ್ನು ಎಣಿಸಿ ಪಡೆದು, ಎಣಿಸಿ ಒಪ್ಪಿಸುತ್ತಾರೆ. ಬೀಗದ ಕೈ ಪಂಚಾಯಿತಿಯ ನೀರಗಂಟಿ ಅಥವಾ ಹತ್ತಿರದ ಮನೆಯವರ ಬಳಿ ಇರುತ್ತದೆ. ಸಾವಿನ ಕಾರ್ಯಗಳಿಗೂ ಗ್ರಾಮಸಭೆಗೂ ಬಾಡಿಗೆ ಕೇಳದಿರುವುದು ಹಲವು ಊರುಗಳ ರೂಢಿ.

ಉಪಯೋಗಗಳು

ಮದುವೆ: ಭವನದ ಅತಿ ಹೆಚ್ಚಿನ ಬಳಕೆ ಇದೇ. ಮೊದಲ ದಿನ ಮನೆಯಲ್ಲಿ ಚಪ್ಪರದ ಶಾಸ್ತ್ರ ಮುಗಿಸಿ ಹೆಣ್ಣಿನ ಕಡೆಯವರು ಭವನಕ್ಕೆ ಬರುತ್ತಾರೆ. ಸಂಜೆಗೆ ಗಂಡಿನ ಕಡೆಯ ದಿಬ್ಬಣ ಬಂದಾಗ ಕಳಸ, ಆರತಿ ಹಿಡಿದು ಬಾಗಿಲಲ್ಲೇ ಎದುರುಗೊಂಡು, ಪಾನಕ ಕೊಟ್ಟು ಅವರ ಕೋಣೆಗೆ ಕರೆದೊಯ್ಯುತ್ತಾರೆ. ಆ ರಾತ್ರಿ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ ಮತ್ತು ಧಾರೆ. ಬಂದವರು ಕೊಡುವ ಮುಯ್ಯಿಯನ್ನು ಬಾಗಿಲ ಬಳಿ ಕೂತ ಒಬ್ಬರು ಹೆಸರು, ಊರು ಸಹಿತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ಅವರ ಮನೆಯ ಕಾರ್ಯದಲ್ಲಿ ಅದನ್ನು ತೀರಿಸುವುದು ಬಾಧ್ಯತೆ. ಗಂಡಿನ ಊರಿನಲ್ಲಿ ಆಮೇಲೆ ಬೀಗರೂಟ ನಡೆಯುತ್ತದೆ.

ಸಭೆ ಮತ್ತು ಸೇವೆ: ವರ್ಷಕ್ಕೆ ಕನಿಷ್ಠ 2 ಬಾರಿ ಗ್ರಾಮಸಭೆ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯ್ದೆ ವಿಧಿಸುತ್ತದೆ. ಮನೆ ಹಂಚಿಕೆಯ ಫಲಾನುಭವಿಗಳ ಆಯ್ಕೆ, ಉದ್ಯೋಗ ಖಾತ್ರಿ ಕಾಮಗಾರಿಗಳ ಪಟ್ಟಿ ಅಲ್ಲಿ ತೀರ್ಮಾನವಾಗುತ್ತವೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ವಾರದ ಉಳಿತಾಯ ಸಭೆಗೆ ಭವನವನ್ನು ಬಳಸುತ್ತವೆ. ಅದಕ್ಕೆ ಮುಂಚೆ ಕಟ್ಟೆ, ಚಾವಡಿಗಳಲ್ಲಿ ಹೆಂಗಸರು ಕೂತು ಸಭೆ ನಡೆಸುವ ಪದ್ಧತಿ ಇರಲಿಲ್ಲ. ಸ್ವಂತ ಕಟ್ಟಡ ಇಲ್ಲದ ಅಂಗನವಾಡಿ, ಪಶುವೈದ್ಯ ಶಿಬಿರ, ಕಣ್ಣಿನ ತಪಾಸಣೆ, ಲಸಿಕೆ, ರೇಷ್ಮೆ ಮತ್ತು ತೋಟಗಾರಿಕೆ ತರಬೇತಿಗಳೂ ಇಲ್ಲಿ ನಡೆಯುತ್ತವೆ.

ಕಲೆ: ಬೆಂಗಳೂರು ಗ್ರಾಮಾಂತರ, ತುಮಕೂರು, ಕೋಲಾರ ಭಾಗಗಳಲ್ಲಿ ರೈತರೇ ಪಾತ್ರ ವಹಿಸುವ ಪೌರಾಣಿಕ ನಾಟಕದ ಹವ್ಯಾಸ ಗಟ್ಟಿಯಾಗಿದೆ. ‘ಕುರುಕ್ಷೇತ್ರ’ ಹೆಚ್ಚು ಪ್ರಚಲಿತ. ಹೊರಗಿನಿಂದ ಕರೆಸಿದ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಭವನದಲ್ಲಿ ತಾಲೀಮು ಮಾಡಿಸುತ್ತಾರೆ. ದುರ್ಯೋಧನ, ಕೃಷ್ಣ, ಭೀಮರ ಪಾತ್ರಗಳಿಗೆ ಬೇಡಿಕೆ ಹೆಚ್ಚು. ಪಾತ್ರಧಾರಿಗಳೇ ಖರ್ಚಿನ ಪಾಲು ಹಾಕಿಕೊಳ್ಳುತ್ತಾರೆ. ಸೀನರಿ, ಉಡುಪು, ಸ್ತ್ರೀಪಾತ್ರದ ಕಲಾವಿದೆಯರು ಬಾಡಿಗೆಗೆ ಬರುತ್ತಾರೆ. ಪ್ರದರ್ಶನ ರಾತ್ರಿಯಿಂದ ಬೆಳಗಿನವರೆಗೆ ಬಯಲಿನಲ್ಲಿ ನಡೆದರೂ ಬಣ್ಣ ಹಚ್ಚುವ ಜಾಗ ಭವನವೇ ಆಗಿರುತ್ತದೆ. ಕೋಲಾಟ, ಭಜನೆ ತಂಡಗಳ ಅಭ್ಯಾಸವೂ ಇಲ್ಲಿಯೇ.

ಹಬ್ಬ: ಗ್ರಾಮದೇವತೆಯ ಜಾತ್ರೆಯಲ್ಲಿ ಹೆಂಗಸರು ಹೂವಿನಿಂದ ಸಿಂಗರಿಸಿದ ತಂಬಿಟ್ಟಿನ ಆರತಿ ಹೊತ್ತು ತಮಟೆಯೊಂದಿಗೆ ಗುಡಿಗೆ ಸಾಗುತ್ತಾರೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತಪ್ಪದೆ ಕರೆಸುವ ಸಂದರ್ಭ ಇದು. ಅಂದಿನ ಸಾಮೂಹಿಕ ಊಟದ ಅಡುಗೆ, ಬಡಿಸುವಿಕೆ ಭವನದ ಸುತ್ತ ನಡೆಯುತ್ತವೆ.

ಪರಸ್ಥಳದವರ ಸತ್ಕಾರ

ಬಂದವರಿಗೆ ಮೊದಲು ನೀರು ಕೊಡುವುದು, ಬೇಸಿಗೆಯಾದರೆ ಮಜ್ಜಿಗೆ ಅಥವಾ ಪಾನಕ, ಆಮೇಲೆ ಊಟ, ಕೊನೆಗೆ ಎಲೆ ಅಡಿಕೆ ಎಂಬುದು ಸತ್ಕಾರದ ಕ್ರಮ. ಊಟದಲ್ಲಿ ರಾಗಿ ಮುದ್ದೆ, ಬಸ್ಸಾರು, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸಾರು, ಅನ್ನ, ಮಜ್ಜಿಗೆ ಇರುತ್ತವೆ. ಪರವೂರಿನವರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿ, ಊರವರು ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಾವು ಉಣ್ಣುವುದು ರೂಢಿ. ಗಣ್ಯರಿಗೆ ತಮಟೆ ವಾದ್ಯ, ಪೂರ್ಣಕುಂಭ, ಶಾಲು, ಹಾರ, ಮೈಸೂರು ಪೇಟದ ಗೌರವ ಸಲ್ಲುತ್ತದೆ.

ನೆಂಟರು ಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಭವನದಲ್ಲಿ ತಂಗುವವರು ಗುಂಪಾಗಿ ಬಂದವರು: ಪಾದಯಾತ್ರಿಗಳು, ಕಲಾತಂಡದವರು, ಶಿಬಿರಾರ್ಥಿಗಳು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ 7 ದಿನದ ವಿಶೇಷ ಶಿಬಿರಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಶಾಲೆ ಅಥವಾ ಭವನದಲ್ಲಿ ಉಳಿದು, ಹಗಲು ಶ್ರಮದಾನ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ನಡೆಸುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ವಾಸವಿದ್ದು ರೈತರಿಂದ ಕಲಿಯುತ್ತಾರೆ, ರೈತರಿಗೆ ಪ್ರಾತ್ಯಕ್ಷಿಕೆ ತೋರಿಸುತ್ತಾರೆ.

ಅಧಿಕಾರಿಗಳ ಗ್ರಾಮ ವಾಸ್ತವ್ಯಕ್ಕೆ ಹೊಸ ರೂಪ ಕೊಟ್ಟ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಕಾರ್ಯಕ್ರಮ 2021ರ ಫೆಬ್ರವರಿ 20ರಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಆರಂಭವಾಯಿತು. ಪಿಂಚಣಿ, ಪಹಣಿ ತಿದ್ದುಪಡಿಯಂಥ ಅರ್ಜಿಗಳನ್ನು ಊರಿನಲ್ಲೇ ವಿಚಾರಿಸುವುದು ಅದರ ಉದ್ದೇಶ.

ವಿದ್ವಾಂಸರಿಗೂ ಹಳ್ಳಿಗಳು ಆಶ್ರಯ ಕೊಟ್ಟಿವೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದಾಗ ಊರ ಯಜಮಾನರು ತಮ್ಮ ಎತ್ತುಗಳ ಮನೆಯಲ್ಲಿ ಅವರಿಗೆ ವಸತಿ ಒದಗಿಸಿದ್ದರು. 1976ರಲ್ಲಿ ಪ್ರಕಟವಾದ ಅವರ ‘ದಿ ರಿಮೆಂಬರ್ಡ್ ವಿಲೇಜ್’ ಆ ವಾಸ್ತವ್ಯದ ಫಲ. ಊರೊಂದು ಸಂಘಟಿತವಾಗಿ ಹೊರಗಿನವರನ್ನು ಬರಮಾಡಿಕೊಳ್ಳುವ ರಾಜ್ಯದ ಹೆಸರಾಂತ ಉದಾಹರಣೆ ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಮ್ ಅಲ್ಲಿ ರಂಗಮಂದಿರ ಕಟ್ಟಿ, ವರ್ಷಕ್ಕೊಮ್ಮೆ ಸಂಸ್ಕೃತಿ ಶಿಬಿರ ನಡೆಸುತ್ತ ಬಂದಿದೆ. ಗ್ರಾಮೀಣ ಪ್ರವಾಸೋದ್ಯಮದ ಪ್ರಯತ್ನಗಳು ಆನೆಗೊಂದಿ, ಬನವಾಸಿಗಳಲ್ಲಿ ನಡೆದಿವೆ.

ಪ್ರವೇಶದ ಹಕ್ಕು

ಹಳೆಯ ಕಟ್ಟೆ, ಛತ್ರ, ಭಜನೆ ಮನೆಗಳಲ್ಲಿ ಜಾತಿಯ ಕಟ್ಟುಪಾಡಿತ್ತು. ದಲಿತರಿಗೆ ಅನೇಕ ಕಡೆ ಪ್ರವೇಶವಿರಲಿಲ್ಲ; ಕೆಲವು ಛತ್ರಗಳು ಒಂದೊಂದು ಜಾತಿಗೆ ಮೀಸಲಾಗಿದ್ದವು. ಸಂವಿಧಾನದ 15(2)ನೆಯ ಮತ್ತು 17ನೆಯ ವಿಧಿಗಳು ಈ ಭೇದವನ್ನು ನಿಷೇಧಿಸಿದವು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಧರ್ಮಛತ್ರಗಳಿಗೆ ಪ್ರವೇಶ ನಿರಾಕರಿಸುವುದನ್ನಷ್ಟೇ ಅಲ್ಲ, ಸಾರ್ವಜನಿಕರಿಗಾಗಿ ಅಲ್ಲಿ ಇರಿಸಿದ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದನ್ನೂ ಅಪರಾಧವೆಂದು ಸಾರುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ಶಿಕ್ಷೆಯನ್ನು ಬಿಗಿಗೊಳಿಸಿತು. ಸಾರ್ವಜನಿಕ ಭವನ ಎಲ್ಲರಿಗೂ ಸಮಾನವಾಗಿ ತೆರೆದಿರಬೇಕೆಂಬುದು ಇವುಗಳ ಸಾರ. ಪಂಚಾಯಿತಿ ಭವನ, ಅಂಬೇಡ್ಕರ್ ಭವನ, ಸಂಘದ ಭವನಗಳು ಒಂದೇ ಊರಿನಲ್ಲಿ ಬೇರೆ ಬೇರೆಯಾಗಿ ನಿಂತಿರುವುದು ಕೇರಿಗಳ ನಡುವಿನ ಹಳೆಯ ಅಂತರ ಪೂರ್ತಿ ಅಳಿಯದಿರುವುದನ್ನು ತೋರಿಸುತ್ತದೆ.

ಚನ್ನರಾಯಪಟ್ಟಣ ಹೋಬಳಿ

ದೇವನಹಳ್ಳಿ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಚನ್ನರಾಯಪಟ್ಟಣವೂ ಒಂದು. ಉಳಿದವು ಕಸಬಾ, ವಿಜಯಪುರ ಮತ್ತು ಕುಂದಾಣ. ಹಾಸನ ಜಿಲ್ಲೆಯ ಅದೇ ಹೆಸರಿನ ತಾಲ್ಲೂಕು ಕೇಂದ್ರ ಬೇರೆ. 1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿತು. ರಾಗಿ, ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ, ಹೈನುಗಾರಿಕೆ ಇಲ್ಲಿನ ಜೀವನಾಧಾರ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ನಲ್ಲೂರಿನ ಹುಣಸೆ ತೋಪು 54 ಎಕರೆ ವಿಸ್ತಾರದ್ದು. ಪರಿಸರ ಆಸಕ್ತರು ಮತ್ತು ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ.

ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು 2022ರ ಏಪ್ರಿಲ್ 4ರಿಂದ ಚನ್ನರಾಯಪಟ್ಟಣದ ನಾಡಕಚೇರಿಯ ಮುಂದೆ ಧರಣಿ ಕೂತರು. ಮೂರು ವರ್ಷಕ್ಕೂ ಮೀರಿ ನಡೆದ ಆ ಧರಣಿಯ ಚಪ್ಪರ 13 ಊರುಗಳಿಗೂ ಸಾಮೂಹಿಕ ಕೂಟದ ಸ್ಥಳವಾಯಿತು. ರೈತ, ದಲಿತ, ಮಹಿಳಾ ಸಂಘಟನೆಗಳವರು, ಬರಹಗಾರರು, ಕಲಾವಿದರು ರಾಜ್ಯದ ನಾನಾ ಕಡೆಗಳಿಂದ ಅಲ್ಲಿಗೆ ಬಂದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು.

ಇಂದಿನ ಸ್ಥಿತಿ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಹೆದ್ದಾರಿಯ ಅಕ್ಕಪಕ್ಕ ದೊಡ್ಡ ಕಲ್ಯಾಣ ಮಂಟಪಗಳು, ಕನ್ವೆನ್ಷನ್ ಹಾಲ್‌ಗಳು, ರೆಸಾರ್ಟ್‌ಗಳು ಬಂದಿವೆ. ಅನುಕೂಲವಂತರ ಮದುವೆಗಳು ಅತ್ತ ಸರಿದಿವೆ. ಸಣ್ಣ ರೈತರು ಮತ್ತು ಕೂಲಿಕಾರರಿಗೆ ಊರಿನ ಭವನವೇ ಆಧಾರ. ಅಡುಗೆ, ಬಡಿಸುವ ಕೆಲಸ ಬಹಳ ಕಡೆ ಊರವರ ಕೈಯಿಂದ ಕ್ಯಾಟರಿಂಗ್‌ನವರಿಗೆ ಹೋಗಿದೆ. ಪಂಕ್ತಿಯ ಜಾಗಕ್ಕೆ ಬಫೆಯೂ ಬಂದಿದೆ.

ಅರ್ಧಕ್ಕೆ ನಿಂತ ಕಾಮಗಾರಿ, ನೀರು ಮತ್ತು ಶೌಚಾಲಯದ ಕೊರತೆ, ವರ್ಷದ ಬಹುಪಾಲು ದಿನ ಬೀಗ, ಬಾಡಿಗೆಯ ಲೆಕ್ಕದ ವಿವಾದ, ಇಳಿಜಾರು ಇಲ್ಲದೆ ವೃದ್ಧರಿಗೂ ಅಂಗವಿಕಲರಿಗೂ ಆಗುವ ತೊಂದರೆ ಸಾರ್ವಜನಿಕ ಭವನಗಳ ಸಾಮಾನ್ಯ ಸಮಸ್ಯೆಗಳು. ಕಟ್ಟಲು ಸಿಗುವ ಅನುದಾನದಂತೆ ನಿರ್ವಹಣೆಗೆ ನಿಗದಿತ ನಿಧಿ ಸಿಗದಿರುವುದು ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ. ಇನ್ನೊಂದೆಡೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಬೆಳೆದಿರುವುದು, ದುಡಿಯುವ ತಾಯಂದಿರ ಮಕ್ಕಳಿಗೆಂದು 2023ರಿಂದ ‘ಕೂಸಿನ ಮನೆ’ಗಳು ತೆರೆದಿರುವುದು ಪಂಚಾಯಿತಿ ಕಟ್ಟಡಗಳಿಗೆ ದಿನವಿಡೀ ಜನ ಬರುವಂತೆ ಮಾಡಿದೆ. ನೀರು, ಶೌಚಾಲಯ, ಕಾಯಂ ಕಾವಲು ಇರುವ ಭವನಗಳು ಶಿಬಿರಾರ್ಥಿಗಳಿಗೂ ಯಾತ್ರಿಗಳಿಗೂ ತಂಗುದಾಣವಾಗಿ ಮುಂದುವರಿದಿವೆ. ಇವು ಇಲ್ಲದ ಕಡೆ ಆ ಹೊಣೆಯನ್ನು ಈಗಲೂ ಸರ್ಕಾರಿ ಶಾಲೆಯ ಕೊಠಡಿಗಳು ಹೊತ್ತಿವೆ.